ಘಾಟಿ ಹತ್ತುವಾಗ ಲಾರಿ ಎಳೆಯುತ್ತಿಲ್ಲ: ಡೀಸೆಲ್ ಪೈಪೋ, ಟ್ಯಾಪೆಟ್ಟೋ?

ಪ್ರಶ್ನೆ (ಹೊಸನಗರ):
ನಮಸ್ಕಾರ. ನಮ್ಮದು ಆರು ಸಿಲಿಂಡರಿನ, ಇನ್‌ಲೈನ್ ಪಂಪಿನ (ಸಿಲಿಂಡರುಗಳಿಗೆ ಡೀಸೆಲ್ ಹೊಡೆಯುವ ಪಂಪ್) ಹಳೆಯ ಲಾರಿ. ಕಳೆದ ತಿಂಗಳು ಹೆಡ್ (ಸಿಲಿಂಡರುಗಳ ಮೇಲಿನ, ವಾಲ್ವ್‌ಗಳಿರುವ ಭಾಗ) ಇಳಿಸಿದಾಗ ಗಡುಸಾದ ವಾಲ್ವ್ ಸ್ಪ್ರಿಂಗ್‌ಗಳನ್ನು ಹಾಕಿಸಿ, ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ (ಟ್ಯಾಂಕಿನಿಂದ ಡೀಸೆಲ್ ಎಳೆಯುವ ಪಂಪ್) 8 ಮಿ.ಮೀ. ಪೈಪಿನ ಬದಲು 12 ಮಿ.ಮೀ. ನೈಲಾನ್ ಪೈಪ್ ಎಳೆಸಿದೆ. ಬಯಲಿನಲ್ಲಿ ತೊಂದರೆಯಿಲ್ಲ. ಜಂಬಿಟ್ಟಿಗೆ ತುಂಬಿಕೊಂಡು ಹೊಸಂಗಡಿಯಿಂದ ಹುಲಿಕಲ್ ಘಾಟಿ ಹತ್ತುವಾಗ ಮಾತ್ರ ನಾಲ್ಕೈದು ತಿರುವು ಕಳೆಯುವಷ್ಟರಲ್ಲಿ ಎಂಜಿನ್ ಮಿಸ್ ಹೊಡೆದು ದಮ್ಮು ಕಟ್ಟುತ್ತದೆ. ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕು. ಆಗ ಬಿಳಿ ಹೊಗೆ ಬರುತ್ತದೆ. ಡೀಸೆಲ್ ಎಲ್ಲಿಯೂ ಸೋರುತ್ತಿಲ್ಲ. ಮೇಸ್ತ್ರಿಗಳು ಇನ್‌ಲೈನ್ ಪಂಪ್ ಬಿಚ್ಚಬೇಕೆನ್ನುತ್ತಾರೆ. ಬಿಚ್ಚಿಸಲೇ?

ಉತ್ತರ (ಶಿವಮೊಗ್ಗ):
ಸರ್, ಪಂಪಿಗೆ ಈಗಲೇ ಕೈ ಹಾಕಿಸಬೇಡಿ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಭಾಗದಲ್ಲಿ ಡೀಸೆಲ್ ಒತ್ತಡದಿಂದಲ್ಲ, ಎಳೆತದಿಂದ ಬರುವುದರಿಂದ, ಎಂಜಿನ್ ಓಡುವಾಗ ಅಲ್ಲಿ ಜಾಯಿಂಟ್ ಸಡಿಲವಾಗಿದ್ದರೆ ಡೀಸೆಲ್ ಹೊರಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಏರಿನಲ್ಲಿ ಡೀಸೆಲ್ಲಿನ ಬೇಡಿಕೆ ಹೆಚ್ಚಿದಂತೆ ಎಳೆತವೂ ಹೆಚ್ಚಿ, ಬಯಲಿನಲ್ಲಿ ಕಾಣದ ದೋಷ ಘಾಟಿಯಲ್ಲಿ ಕಾಣಿಸುತ್ತದೆ.

ಆದರೆ ಟ್ಯಾಪೆಟ್ (ವಾಲ್ವಿಗೂ ಅದನ್ನು ಒತ್ತುವ ರಾಕರ್ ತೋಳಿಗೂ ನಡುವೆ ಬಿಡುವ ಸಂದು) ಬಿಗಿಯಾಗಿ ವಾಲ್ವ್ ಪೂರ್ತಿ ಮುಚ್ಚದಿದ್ದರೂ ಕಂಪ್ರೆಶನ್ (ಸಿಲಿಂಡರಿನೊಳಗಿನ ಗಾಳಿಯ ಒತ್ತಡ) ಇಳಿದು ಬೆಳಗಿನ ಬಿಳಿ ಹೊಗೆ ಬರಬಹುದು. ಎರಡನ್ನೂ ಬೇರ್ಪಡಿಸಲು ನಾಳೆ ಬೆಳಿಗ್ಗೆ ಸೆಲ್ಫ್ ಹೊಡೆಯುವ ಮೊದಲು ಹ್ಯಾಂಡ್ ಪ್ರೈಮರನ್ನು (ಪೈಪಿಗೆ ಡೀಸೆಲ್ ತುಂಬಿಸುವ ಕೈಪಂಪ್) ಗಟ್ಟಿಯಾಗುವವರೆಗೆ ಒತ್ತಿ. ತಕ್ಷಣ ಸ್ಟಾರ್ಟ್ ಆದರೆ, ರಾತ್ರಿ ಡೀಸೆಲ್ ಟ್ಯಾಂಕಿಗೆ ಹಿಂದಿರುಗಿದೆ ಎಂದು ತಿಳಿಯಿರಿ. ಬಳಿಕ ಫೀಡ್ ಪಂಪಿನ ಮುಂಚೆ ಒಂದು ಗೇಣು ಪಾರದರ್ಶಕ ಹೋಸ್ ಜೋಡಿಸಿ ರೇಸ್ ಮಾಡಿ ನೋಡಿ.

ಪ್ರಶ್ನೆ (ಹೊಸನಗರ):
ಪ್ರೈಮರ್ ಒತ್ತಿದ ಕೂಡಲೇ ಸ್ಟಾರ್ಟ್ ಆಯಿತು. ಹೋಸಿನಲ್ಲಿ ಸಾಸಿವೆಯಷ್ಟು ಗುಳ್ಳೆಗಳು ಸಾಲಾಗಿ ಬರುತ್ತಿದ್ದು, ನಡುವೆ ಒಮ್ಮೊಮ್ಮೆ ಬೆರಳುದ್ದದ ಗಾಳಿ ಹಾದುಹೋಗುತ್ತದೆ. ಪೈಪನ್ನು ಚಾಸಿಸ್ಸಿನ ಅಡ್ಡಪಟ್ಟಿಯ ಮೇಲಿಂದ ಹಾಯಿಸಿದ್ದಾರೆ.

ಉತ್ತರ (ಶಿವಮೊಗ್ಗ):
ಜಾಯಿಂಟಿನಿಂದ ಒಳಬಂದ ಗಾಳಿ, ಪೈಪ್ ಪಟ್ಟಿ ಹತ್ತುವ ಆ ಡುಬ್ಬದಲ್ಲಿ ನಿಲ್ಲುತ್ತದೆ. ಪೈಪ್ ಅಗಲವಾದಷ್ಟೂ ಹರಿವು ನಿಧಾನವಾಗಿ ಅದು ಕೊಚ್ಚಿಹೋಗುವುದಿಲ್ಲ. ಪಂಪ್ ಕೊಡುವ ಡೀಸೆಲ್ಲಿನ ಅಳತೆ ಬದಲಾಗದೆ ಪೈಪನ್ನಷ್ಟೇ ದೊಡ್ಡದು ಮಾಡಿದರೆ ಶಕ್ತಿ ಹೆಚ್ಚುವುದೂ ಇಲ್ಲ. ಹಳೆಯ ಅಳತೆಯ ಪೈಪನ್ನು ಪಟ್ಟಿಯ ಕೆಳಗಿನಿಂದ, ಸೈಲೆನ್ಸರಿಗೆ ತಾಗದಂತೆ ಎಳೆಸಿ. ಬ್ಯಾಂಜೋ ಬೋಲ್ಟಿನ (ಪೈಪಿನ ತುದಿ ಜೋಡಿಸುವ ಟೊಳ್ಳು ಬೋಲ್ಟ್) ತಾಮ್ರದ ವಾಷರ್‌ಗಳನ್ನು ಹೊಸದಾಗಿಯೇ ಹಾಕಿಸಿ. ಎರಡು ವಾಷರಿನ ಕಾಸು ಉಳಿಸಲು ಹಳೆಯದನ್ನೇ ತಿರುವಿ ಹಾಕುವುದನ್ನು ನಾನು ಬಹಳ ನೋಡಿದ್ದೇನೆ. ಫಿಲ್ಟರಿನ ಬ್ಲೀಡ್ ಸ್ಕ್ರೂ (ಗಾಳಿ ಬಿಡುವ ತಿರುಪು) ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಪ್ರೈಮರ್ ಒತ್ತಿ.

ಹೆಡ್ ಇಳಿಸಿದ್ದರಿಂದ ಟ್ಯಾಪೆಟ್ಟನ್ನೂ ಎಂಜಿನ್ ತಣ್ಣಗಿರುವಾಗ ಮರುಪರಿಶೀಲಿಸಿ: ಆರನೆಯ ಸಿಲಿಂಡರಿನ ಎರಡೂ ವಾಲ್ವ್‌ಗಳು ಒಟ್ಟಿಗೆ ಅಲುಗಾಡುವ ಹೊತ್ತಿಗೆ ಒಂದನೆಯದರ ಎರಡೂ ರಾಕರ್ ಸಡಿಲವಿರುತ್ತವೆ, ಕೈಪಿಡಿಯ ಅಳತೆಯ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಆ ಸಂದಿನಲ್ಲಿ ತುಸು ಹಿಡಿದುಕೊಂಡು ಜಾರಬೇಕು. ಗಡುಸಾದ ಸ್ಪ್ರಿಂಗ್‌ಗಳ ಬಗ್ಗೆ ನನಗೆ ಒಲವಿಲ್ಲ. ಗವರ್ನರ್ (ಎಂಜಿನ್ ವೇಗಕ್ಕೆ ಕಡಿವಾಣ ಹಾಕುವ ಸಾಧನ) ಮಿತಿಯೊಳಗೆ ಓಡುವ ಎಂಜಿನ್ನಿಗೆ ಅವುಗಳಿಂದ ಲಾಭವಿಲ್ಲ, ಕ್ಯಾಮ್ ಮತ್ತು ಪುಷ್ ರಾಡ್‌ಗಳ ಮೇಲೆ ಭಾರವಷ್ಟೇ ಬೀಳುತ್ತದೆ. ಘಾಟಿ ಇಳಿಯುವಾಗ ಚಕ್ರಗಳೇ ಎಂಜಿನ್ನನ್ನು ಮಿತಿಮೀರಿ ತಿರುಗಿಸುವ ಭಯದಿಂದ ಹಾಕಿಸಿದ್ದರೆ, ಅದಕ್ಕೆ ಎಕ್ಸಾಸ್ಟ್ ಬ್ರೇಕ್ (ಹೊಗೆ ಕೊಳವೆಯನ್ನು ತಡೆದು ಎಂಜಿನ್ ನಿಧಾನಿಸುವ ಬ್ರೇಕ್) ಸರಿಯಿದೆಯೇ ಎಂದು ನೋಡಿಸಿ, ಸರಿಯಾದ ಗೇರಿನಲ್ಲಿ ನಿಧಾನವಾಗಿ ಇಳಿಯಿರಿ.