ಕಣಿವೆ ಎಂದರೆ ಬಾಗಿಲೋ, ತಗ್ಗೋ? ಸೈಕಲ್ ಸವಾರಿಗೆ ಬೇಕಾದ ಕೆಲವು ಪದಗಳು

ಎಲ್ಲರಿಗೂ ಪುಣೆಯಿಂದ ನಮಸ್ಕಾರ.

ಮಳೆ ನಿಂತು ಚಳಿ ಬೀಳುವ ಹೊತ್ತಿಗೆ ಪುಣೆಯ ಕೆಲವು ಕನ್ನಡಿಗರು ಸೇರಿ ಎರಡು ದಿನದ ಸೈಕಲ್ ಸವಾರಿ ಹೊರಡಬೇಕೆಂದಿದ್ದೇವೆ. ಮೊದಲ ದಿನ ಚಾಂದಣಿ ಚೌಕದಿಂದ ಪಿರಂಗುಟ್, ಪೌಡ್ ಹಾದು ಮುಳಶಿ ಜಲಾಶಯದ ದಂಡೆ. ಮರುದಿನ ಪೌಡಿಗೆ ಹಿಂದಿರುಗಿ, ಕೋಳವಣದ ಮೇಲಿಂದ ಗುಡ್ಡ ದಾಟಿ, ತಿಕೋನಾ ಕೋಟೆಯ ಬುಡದಲ್ಲಿ ಪವನಾ ಜಲಾಶಯದ ಕಡೆಗೆ ಇಳಿದು ಕಾಮಶೇತ್ ಸೇರುವುದು. ಅಲ್ಲಿಂದ ಹಳೆಯ ಮುಂಬಯಿ ಹೆದ್ದಾರಿ ಹಿಡಿದು ಮನೆಗೆ.

ದಾರಿಯ ವಿವರವನ್ನು ಕನ್ನಡದಲ್ಲಿ ಬರೆದು ಎಲ್ಲರ ಕೈಗೆ ಕೊಡುವ ಕೆಲಸ ನನಗೆ ಬಂದಿದೆ. ಊಟ, ನೀರು, ಬಿಡಿ ಟ್ಯೂಬುಗಳನ್ನು ಹೊತ್ತು ಜೊತೆಗೆ ಬರುವ ವ್ಯಾನಿನ ಚಾಲಕರು ಇಂಡಿ ಕಡೆಯವರು. ಅವರಿಗೆ ಕನ್ನಡದ ಓದೇ ಸಲೀಸು. ಅವರು ಯಾವ ಜಾಗದಲ್ಲಿ ವ್ಯಾನ್ ನಿಲ್ಲಿಸಿ ನಮಗಾಗಿ ಕಾಯಬೇಕೆಂಬುದು ನಾನು ಬರೆಯುವ ಪದವನ್ನು ನೆಚ್ಚಿಕೊಂಡಿದೆ. ಸವಾರರಾದರೋ ಮಂಗಳೂರು, ತುಮಕೂರು, ಧಾರವಾಡ ಎಂದು ಮೂರು ದಿಕ್ಕಿನವರು. ಕರಡು ಪ್ರತಿ ಕೈಯಿಂದ ಕೈಗೆ ಹೋದಾಗ ‘ಎರಡನೆಯ ದಿನದ ತಿಂಡಿ ಕಣಿವೆಯಲ್ಲಿ’ ಎಂಬ ಸಾಲಿನ ಬಗ್ಗೆ ಚರ್ಚೆ ಎದ್ದಿತು. ಅದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ತುಮಕೂರಿನವರು ಕಣಿವೆ ಎಂದರೆ ಗುಡ್ಡಸಾಲಿನ ನಡುವೆ ದಾಟಲು ಸಿಗುವ ಇಕ್ಕಟ್ಟಾದ ಬಾಗಿಲು ಎಂದು ಓದಿದರು. ಅವರ ಬಳಿ ಗಟ್ಟಿ ಆಧಾರವಿದೆ. ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರಕ್ಕೆ ಆ ಕಡೆಯ ಹೆಸರು ಮಾರಿಕಣಿವೆ. ವೇದಾವತಿ ನದಿ ಎರಡು ಗುಡ್ಡಗಳ ನಡುವೆ ನುಸುಳಿ ಹೋಗುತ್ತಿದ್ದ ಜಾಗ ಅದು. ಆ ಸಂದನ್ನೇ ಕಟ್ಟಿ 1907ರ ಹೊತ್ತಿಗೆ ಅಣೆಕಟ್ಟೆಯನ್ನು ಮುಗಿಸಿದರು. ಶಾಲೆಯ ಚರಿತ್ರೆಯಲ್ಲಿ ನಾವೆಲ್ಲ ಓದಿದ ಖೈಬರ್ ಕಣಿವೆಯೂ ಇದೇ ಅರ್ಥದ್ದು. ಆದರೆ ಧಾರವಾಡದವರು ದಿನಪತ್ರಿಕೆಯ ಕನ್ನಡವನ್ನು ಹಿಡಿದು ಮಾತಾಡಿದರು. ಕಾಶ್ಮೀರ ಕಣಿವೆ, ಸಿಂಧೂ ಕಣಿವೆ ಎನ್ನುವಾಗ ಅದು ಬೆಟ್ಟಗಳ ನಡುವೆ ಹಬ್ಬಿದ ತಗ್ಗು ನೆಲ, ನದಿ ಹರಿಯುವ ನಾಡು. ಎರಡೂ ಸರಿ, ಎರಡೂ ಅಚ್ಚಿನಲ್ಲಿವೆ. ಆದರೆ ಸೈಕಲ್ ಮೇಲಿರುವವನಿಗೆ ಇವೆರಡರ ನಡುವೆ ಒಂದು ಇಡೀ ಗುಡ್ಡದ ಅಂತರವಿದೆ. ಕೋಳವಣದ ಕಡೆಯಿಂದ ಹೊರಟರೆ ಬಾಗಿಲಿನಂಥ ಕಣಿವೆ ಏರು ಮುಗಿದಲ್ಲಿ ಸಿಗುತ್ತದೆ, ತಗ್ಗಿನ ಕಣಿವೆ ಇಳಿದಾದ ಮೇಲೆ ಸಿಗುತ್ತದೆ. ಹಸಿದು ಬಂದವರಿಗೆ ತಿಂಡಿಯ ವ್ಯಾನ್ ಮೇಲಿದೆಯೋ ಕೆಳಗಿದೆಯೋ ಎಂಬುದು ಸಣ್ಣ ಸಂಗತಿಯಲ್ಲ.

ಈ ವಿಷಯದಲ್ಲಿ ಮರಾಠಿ ಬಹಳ ಅಚ್ಚುಕಟ್ಟಾಗಿದೆ. ಗುಡ್ಡದ ನಡುವಿನ ಬಾಗಿಲು ‘ಖಿಂಡ್’, ನದಿಯ ತಗ್ಗು ‘ಖೋರೆ’, ಹತ್ತಿ ಇಳಿಯುವ ರಸ್ತೆ ‘ಘಾಟ್’, ಹತ್ತಿದ ಮೇಲೆ ಸಿಗುವ ಎತ್ತರದ ನೆಲ ‘ಘಾಟ್‌ಮಾಥಾ’, ಬೆಟ್ಟ ‘ಡೋಂಗರ್’. ಸಹ್ಯಾದ್ರಿಯ ಈ ಸೆರಗಿನಲ್ಲಿ ತಲೆತಲಾಂತರದಿಂದ ಎತ್ತು, ಗಾಡಿ, ಸೈನ್ಯಗಳನ್ನು ಹತ್ತಿಸಿ ಇಳಿಸಿದವರಿಗೆ ಒಂದೊಂದಕ್ಕೂ ಒಂದೊಂದು ಹೆಸರು ಬೇಕಾಯಿತು. ನಮ್ಮ ಮಲೆನಾಡು, ಕರಾವಳಿಗಳಲ್ಲೂ ಅಷ್ಟೇ ಕಷ್ಟದ ಘಟ್ಟಗಳಿವೆ. ಅಷ್ಟೇ ನಿಖರವಾದ ಪದಗಳು ಇದ್ದೇ ಇರಬೇಕು. ಪುಣೆಯಲ್ಲಿ ನೆಲೆಸಿದ ನಾವು ಮಾತ್ರ ದಿನವಿಡೀ ಕಾತ್ರಜ್ ಘಾಟ್, ದಿವೇ ಘಾಟ್, ಬೋಪದೇವ್ ಘಾಟ್ ಎನ್ನುತ್ತಾ ಅವನ್ನು ನಾಲಿಗೆಯಿಂದ ಜಾರಿಸಿಬಿಟ್ಟಿದ್ದೇವೆ ಎಂಬುದು ನನ್ನ ನೋವು.

ನನ್ನ ಸಲಹೆ ಹೀಗಿದೆ. ತಗ್ಗಿನ ನಾಡಿಗೆ ಕನ್ನಡದಲ್ಲಿ ‘ಕೊಳ್ಳ’ ಎಂಬ ಸೊಗಸಾದ ಪದವಿದೆ. ಕಾವೇರಿ ಕೊಳ್ಳ, ಕೃಷ್ಣಾ ಕೊಳ್ಳ ಎಂದು ಪತ್ರಿಕೆಗಳು ಬರೆಯುತ್ತಲೇ ಇವೆ. ಬಾದಾಮಿಯ ಹತ್ತಿರ ಚಾಲುಕ್ಯರ ಕಾಲದ ಗುಡಿಗಳಿರುವ ಹುಲಿಗೆಮ್ಮನ ಕೊಳ್ಳವೂ ಇದೆ. ನದಿಯ ಪೂರ್ತಿ ಜಲಾನಯನಕ್ಕೂ ಬೆಟ್ಟದ ನಡುವಿನ ಸಣ್ಣ ತಗ್ಗಿಗೂ ಅದು ಒಗ್ಗುತ್ತದೆ. ಹಾಗಾದರೆ ನಮ್ಮ ಕಾಗದದಲ್ಲಿ ‘ಪವನಾ ಕೊಳ್ಳ’ ಎಂದು ಬರೆದು, ಕಣಿವೆಯನ್ನು ಅದರ ಮಾರಿಕಣಿವೆಯ ಅರ್ಥಕ್ಕೆ ಬಿಟ್ಟುಕೊಡಬಹುದು. ಹಾಗೆ ಮಾಡದಿದ್ದರೆ ಬಾಗಿಲಿನಂಥ ಆ ಜಾಗಕ್ಕೆ ನಮ್ಮ ಬಳಿ ಉಳಿಯುವ ಪದ ಯಾವುದು? ‘ಕಣಿವೆಮಾರ್ಗ’ ಎಂಬುದು ಪಠ್ಯಪುಸ್ತಕದಲ್ಲಿ ನಡೆದೀತು, ಏದುಸಿರು ಬಿಡುವವನ ಬಾಯಿಗೆ ಬರುವ ಪದವಲ್ಲ.

ಘಟ್ಟ, ಘಾಟಿಗಳ ವಿಚಾರದಲ್ಲಿ ಮಂಗಳೂರಿನ ಗೆಳತಿಯ ಮಾತೇ ನನಗೆ ಒಪ್ಪಿಗೆ. ಅವರ ಪ್ರಕಾರ ಘಟ್ಟ ಎಂದರೆ ಬೆಟ್ಟಸಾಲು: ಘಟ್ಟದ ಮೇಲಿನವರು, ಘಟ್ಟದ ಕೆಳಗಿನವರು. ಘಾಟಿ ಎಂದರೆ ಅದರ ಮೈಮೇಲೆ ಸುತ್ತಿ ಸುತ್ತಿ ಏರುವ ರಸ್ತೆ: ಚಾರ್ಮಾಡಿ, ಶಿರಾಡಿ, ಆಗುಂಬೆ. ಈ ಭೇದ ಸವಾರರಿಗೆ ತುಂಬಾ ಉಪಯೋಗದ್ದು. ಕರಡಿನಲ್ಲಿ ‘ಎರಡನೆಯ ಘಟ್ಟ ಕಷ್ಟ’ ಎಂದಿತ್ತು. ಎರಡನೆಯ ಬೆಟ್ಟವೋ, ಸವಾರಿಯ ಎರಡನೆಯ ಹಂತವೋ ತಿಳಿಯುತ್ತಿರಲಿಲ್ಲ. ಈಗ ರಸ್ತೆಗೆ ಘಾಟಿ, ಸವಾರಿಯ ಭಾಗಗಳಿಗೆ ಹಂತ ಎಂದು ತಿದ್ದಿದ್ದೇನೆ.

ಏರು ಎಷ್ಟು ಕಡಿದಾಗಿದೆ ಎಂದು ಹೇಳುವುದು ಇನ್ನೊಂದು ತೊಡಕು. ಅಡ್ಡಳತೆಯಲ್ಲಿ ನೂರು ಮೀಟರ್ ಸಾಗುವಷ್ಟರಲ್ಲಿ ಏಳು ಮೀಟರ್ ಎತ್ತರ ಗಳಿಸಿದರೆ ಅದು ಶೇಕಡಾ 7. ಇದನ್ನು ಎಂಜಿನಿಯರಿಂಗ್ ಕನ್ನಡದಲ್ಲಿ ‘ಶೇ 7ರ ಇಳಿಜಾರು’ ಎಂದು ಬರೆಯುವುದುಂಟು. ಹತ್ತುವವನಿಗೆ ಅದನ್ನು ಇಳಿಜಾರು ಎಂದರೆ ಅನ್ಯಾಯ. ‘ಶೇ 7ರ ಏರು’ ಎಂದರೆ ಸಾಕು. ‘ಏರಿ’ ಎಂದು ಮಾತ್ರ ಬರೆಯಬಾರದು, ಹಳೆ ಮೈಸೂರಿನವರಿಗೆ ಕೆರೆಯ ಏರಿ ಕಣ್ಣಮುಂದೆ ಬರುತ್ತದೆ. ಅಣೆಕಟ್ಟೆಯ ಪಕ್ಕದಲ್ಲೇ ಹೋಗುವ ದಾರಿಯಲ್ಲಿ ಈ ಗೊಂದಲ ಬೇಡ. ಪಿರಂಗುಟ್ ದಾಟಿದ ಮೇಲೆ ಸಣ್ಣ ಸಣ್ಣ ಏರು, ಸಣ್ಣ ಸಣ್ಣ ಇಳಿತ ಸಾಲಾಗಿ ಬರುತ್ತವೆ. ಅದಕ್ಕೆ ‘ಏರುತಗ್ಗಿನ ರಸ್ತೆ’ ಎಂದು ಬರೆದೆವು. ಇಂಡಿಯ ಚಾಲಕರು ಓದಿ, ರಸ್ತೆ ಅಷ್ಟು ಕೆಟ್ಟಿದೆಯೇ ಎಂದು ಕೇಳಿದರು. ವಿಜಯಪುರದ ಕಡೆ ರಸ್ತೆಯಲ್ಲಿ ತಗ್ಗು ಬಿದ್ದಿದೆ ಎಂದರೆ ಗುಂಡಿ ಬಿದ್ದಿದೆ ಎಂದೇ ಅರ್ಥ. ಅವರ ಪ್ರಶ್ನೆ ನನಗೆ ಬಹಳ ಹಿಡಿಸಿತು. ‘ಏರಿಳಿವಿನ ರಸ್ತೆ’ ಎಂದು ಬದಲಿಸಿದ್ದೇವೆ.

ಇನ್ನು ನೀರಿನ ಹೆಸರು. ಈ ದಾರಿಯಲ್ಲಿ ಕಾಣುವ ದೊಡ್ಡ ನೀರೆಲ್ಲ ಅಣೆಕಟ್ಟೆಯಿಂದ ನಿಂತ ನೀರು. ಪ್ರವಾಸದ ಜಾಹೀರಾತುಗಳು ಅದನ್ನು ಸರೋವರ ಎನ್ನುತ್ತವೆ. ಮುಳಶಿಯ ಮಟ್ಟಿಗೆ ನನಗೆ ಆ ಪದ ಬರೆಯಲು ಮನಸ್ಸು ಬರುವುದಿಲ್ಲ. ಟಾಟಾ ಜಲವಿದ್ಯುತ್ ಯೋಜನೆಗಾಗಿ ಮುಳಾ ನದಿಗೆ ಕಟ್ಟೆ ಕಟ್ಟಿದಾಗ ಅಲ್ಲಿನ ರೈತರು ಊರು, ಗದ್ದೆ ಕಳೆದುಕೊಂಡರು. ಸೇನಾಪತಿ ಬಾಪಟರು ಮುಂದೆ ನಿಂತ ಮುಳಶಿ ಸತ್ಯಾಗ್ರಹ 1921ರಲ್ಲಿ ಆರಂಭವಾದದ್ದು ಇದೇ ನೆಲಕ್ಕಾಗಿ. ಸತ್ಯಾಗ್ರಹ ಸೋತಿತು, ಕಟ್ಟೆ ಎದ್ದಿತು. ಪೂರ್ವಕ್ಕೆ ಹರಿಯಬೇಕಿದ್ದ ನೀರು ಇಂದಿಗೂ ವಿದ್ಯುತ್ತಿಗಾಗಿ ಪಡುವಣಕ್ಕೆ, ಕೊಂಕಣದ ಭಿರಾಕ್ಕೆ ಧುಮುಕುತ್ತದೆ. ಪವನಾ ನದಿಯ ನೀರಾದರೋ ಮುಳಾ ಸೇರಿ, ಭೀಮೆ ಸೇರಿ, ಉಜನಿ ಅಣೆಕಟ್ಟೆ ದಾಟಿ, ನಮ್ಮ ವ್ಯಾನಿನ ಚಾಲಕರ ಇಂಡಿ ತಾಲ್ಲೂಕಿನ ಅಂಚಿಗೇ ಬರುವ ಹಾದಿಯಲ್ಲಿದೆ.

ಆದ್ದರಿಂದ ನನ್ನ ಆಯ್ಕೆ ‘ಹಿನ್ನೀರು’. ಲಿಂಗನಮಕ್ಕಿಯ ಹಿನ್ನೀರು ಎಂದೊಡನೆ ಕನ್ನಡಿಗರಿಗೆ ಮುಳುಗಡೆ ಎಂಬ ಪದವೂ ನೆನಪಾಗುತ್ತದೆ. ಆ ಅರಿವು ಮುಳಶಿಗೂ ಸಲ್ಲಬೇಕು. ಸವಾರರ ದೃಷ್ಟಿಯಿಂದಲೂ ಅದು ಸರಿಯಾದ ಮಾತು. ಜಲಾಶಯ ಎಂದರೆ ಕಟ್ಟೆಯ ಬಳಿಯ ಅಗಲವಾದ ನೀರು ಕಣ್ಣಿಗೆ ಬರುತ್ತದೆ. ರಸ್ತೆ ಮಾತ್ರ ಗುಡ್ಡಗಳ ಸಂದಿಗೆ ಕೈಚಾಚಿದ ನೀರನ್ನು ಬಳಸಿ ಬಳಸಿ ಹೋಗುತ್ತದೆ: ಎದುರಿನ ದಡ ಕೂಗಳತೆಯಲ್ಲಿದ್ದರೂ ಅಲ್ಲಿಗೆ ಸೇರಲು ಸುತ್ತಿಕೊಂಡೇ ಹೋಗಬೇಕು. ನಕ್ಷೆಯಲ್ಲಿ ಹತ್ತಿರ ಕಂಡದ್ದು ಕಾಲಿಗೆ ದೂರವಾಗುವುದು ಈ ಕಾರಣಕ್ಕೆ. ನವೆಂಬರಿನಲ್ಲಿ ಹಿನ್ನೀರು ತುಂಬಿ ನಿಂತಿರುತ್ತದೆ, ಬೇಸಗೆಗೆ ಹಿಂದೆ ಸರಿದು ಒಡೆದ ಕೆಸರು ನೆಲ ತೋರುತ್ತದೆ. ಹೀಗೆ ತೆರೆದುಕೊಳ್ಳುವ ನೆಲವನ್ನು ಕೆರೆಯಾದರೆ ಕೆರೆಯಂಗಳ ಎನ್ನುತ್ತೇವೆ. ಹಿನ್ನೀರಿಗೆ ಏನನ್ನುತ್ತಾರೆ ಎಂದು ಸಾಗರ, ಹೊಸನಗರದ ಕಡೆಯವರು ಹೇಳಿದರೆ ಉಪಕಾರ.

ಕ್ರಿಯಾಪದದ ಬಗ್ಗೆ ಜಗಳವಿಲ್ಲ. ಕೆಲವರು ಸೈಕಲ್ ಹೊಡೆಯುತ್ತಾರೆ, ಕೆಲವರು ತುಳಿಯುತ್ತಾರೆ, ಕರಾವಳಿಯವರು ಬಿಡುತ್ತಾರೆ. ಏರಿನಲ್ಲಿ ತುಳಿಯುವುದು, ಇಳಿಜಾರಿನಲ್ಲಿ ಬಿಡುವುದು ಎಂದು ಎರಡನ್ನೂ ಇಟ್ಟುಕೊಂಡಿದ್ದೇನೆ. ಗಿಯರ್, ಬ್ರೇಕ್, ಪಂಕ್ಚರ್ ಹಾಗೆಯೇ ಇರಲಿ, ಅವು ಎಲ್ಲರಿಗೂ ಗೊತ್ತಿರುವ ಪದಗಳು.

ಬಲ್ಲವರಲ್ಲಿ ಇನ್ನೆರಡು ಕೇಳಿಕೆ. ಮರಾಠಿಯ ಖಿಂಡ್‌ಗೂ ನಮ್ಮ ಕಿಂಡಿಗೂ ನಂಟಿದೆಯೇ? ಘಾಟಿಯ ಏರು ಮುಗಿದು ರಸ್ತೆ ಮಟ್ಟವಾಗುವ ಆ ಒಂದು ಜಾಗಕ್ಕೆ ‘ನೆತ್ತಿ’ ಎಂದು ಬರೆದಿದ್ದೇನೆ. ಲಾರಿ, ಬಸ್ಸಿನ ಚಾಲಕರು ಚಾರ್ಮಾಡಿಯಲ್ಲೋ ದೇವಿಮನೆಯಲ್ಲೋ ಬೇರೆ ಪದ ಬಳಸುವುದನ್ನು ನೀವು ಕೇಳಿದ್ದರೆ ದಯವಿಟ್ಟು ತಿಳಿಸಿ. ವ್ಯಾನ್ ನಿಲ್ಲಬೇಕಾದದ್ದು ಅಲ್ಲಿಯೇ.