ಆನೆಕಾಲಿಗೆ ಪದೇಪದೇ ನಂಜು ಏರುತ್ತಿದೆ, ಏನು ಮಾಡಬೇಕು?

ಪ್ರಶ್ನೆ (ಸಮುದಾಯ ಆರೋಗ್ಯ ಅಧಿಕಾರಿ, ಯಾದಗಿರಿ ಜಿಲ್ಲೆ)
ನಮ್ಮ ರೋಗಿಯೊಬ್ಬರಿಗೆ ಫೈಲೇರಿಯಾದಿಂದ ಬಲಗಾಲು ಮೊಣಕಾಲಿನವರೆಗೆ ಊದಿದೆ. ಎರಡು ಮೂರು ತಿಂಗಳಿಗೊಮ್ಮೆ ಚಳಿಜ್ವರ ಬಂದು ಕಾಲು ಕೆಂಪಾಗಿ ಸುಡುತ್ತದೆ, ತೊಡೆಸಂದಿನಲ್ಲಿ ಗಡ್ಡೆ ಕಟ್ಟುತ್ತದೆ. ಐದು ದಿನ ಅಮಾಕ್ಸಿಸಿಲಿನ್, ಜೊತೆಗೆ ಡಿಇಸಿ (ಫೈಲೇರಿಯಾ ಹುಳುವಿನ ಔಷಧಿ) ಕೊಟ್ಟರೆ ಇಳಿಯುತ್ತದೆ, ಮತ್ತೆ ಬರುತ್ತದೆ. ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ (ವೈದ್ಯರು)
ಜ್ವರ ಇರುವಾಗ ಡಿಇಸಿ ಕೊಡಬೇಡಿ. ಇದು ಹುಳುವಿನ ಜ್ವರವಲ್ಲ, ಹೆಚ್ಚಾಗಿ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ನಂಜು. ದುಗ್ಧರಸ (ಲಿಂಫ್) ಹರಿಯದೆ ನಿಂತ ಕಾಲಿನಲ್ಲಿ ಸಣ್ಣ ಬಿರುಕು ಸಾಕು, ಅದು ಬೇಗ ಹರಡುತ್ತದೆ.

ಐದು ದಿನ ಕಡಿಮೆಯಾಯಿತು. ಪೆನಿಸಿಲಿನ್ ಅಲರ್ಜಿ ಇಲ್ಲವೆಂದು ಕೇಳಿಕೊಂಡು ಅಮಾಕ್ಸಿಸಿಲಿನ್ 500 ಮಿ.ಗ್ರಾಂ ದಿನಕ್ಕೆ ಮೂರು ಸಲ, 14 ದಿನ. ಜ್ವರ ಇಳಿದ ಕೂಡಲೇ ಬಿಡಿಸಬೇಡಿ. ಮೊದಲ ದಿನವೇ ಕೆಂಪಿನ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆಯಿರಿ. 48 ಗಂಟೆಯಾದರೂ ಗೆರೆ ದಾಟಿ ಹರಡುತ್ತಿದ್ದರೆ ಆಸ್ಪತ್ರೆಗೆ ಸೇರಿಸಬೇಕು. ವಾಂತಿ, ಮಂಕು, ಬಿಪಿ ಇಳಿಕೆ, ಚರ್ಮ ಕಪ್ಪಾಗುವುದು ಕಂಡರೆ ಕಾಯಲೇಬೇಡಿ, ರಕ್ತನಾಳದ ಮೂಲಕ ಔಷಧಿ ಬೇಕು.

ವರ್ಷಕ್ಕೆ ಎರಡು ಸಲಕ್ಕಿಂತ ಹೆಚ್ಚು ಬಂದರೆ ತಡೆಗಾಗಿ ದೀರ್ಘಕಾಲ ಪೆನಿಸಿಲಿನ್ ಕೊಡುವ ಬಗ್ಗೆ ತಜ್ಞರನ್ನು ಕೇಳಿ.

ಉತ್ತರ (ಶುಶ್ರೂಷಾಧಿಕಾರಿ, ಫೈಲೇರಿಯಾ ಕ್ಲಿನಿಕ್)
ಬೆರಳ ಸಂದಿ ಬಿಡಿಸಿ ನೋಡಿದ್ದೀರಾ? ನಂಜು ಒಳಹೋಗುವ ಬಾಗಿಲು ಬಹಳ ಸಲ ಅಲ್ಲೇ ಇರುತ್ತದೆ: ನಾಲ್ಕನೇ, ಐದನೇ ಬೆರಳ ನಡುವೆ ಚರ್ಮ ಬಿಳುಚಿ, ನೆನೆದ ಅವಲಕ್ಕಿಯಂತೆ ಮೆತ್ತಗಾಗಿ ಸೀಳಿರುತ್ತದೆ. ಅದು ಶಿಲೀಂಧ್ರ. ಕ್ಲೋಟ್ರಿಮಜೋಲ್ 1% ಮುಲಾಮು ದಿನಕ್ಕೆ ಎರಡು ಸಲ, ಗಾಯ ಮಾಯ್ದ ಮೇಲೂ ಎರಡು ವಾರ ಹಚ್ಚಲಿ.

ದಿನಾ ಸಾದಾ ನೀರು, ಸೌಮ್ಯ ಸೋಪು. ಮೊಣಕಾಲಿನಿಂದ ಕೆಳಗೆ ತೊಳೆದು, ಮಡಿಕೆಯ ಒಳಗೂ ಬೆರಳಾಡಿಸಬೇಕು. ಬ್ರಷ್ಷು, ಕಲ್ಲು ಬೇಡ. ನೀರು ತಿಳಿಯಾಗುವವರೆಗೆ ತೊಳೆಯಲಿ. ಉಜ್ಜದೆ ಬಟ್ಟೆ ಒತ್ತಿ ಒರೆಸಲಿ. ಎಷ್ಟೋ ಮಂದಿ ಚೆನ್ನಾಗಿ ತೊಳೆದು ಸಂದಿ ಒದ್ದೆ ಬಿಡುತ್ತಾರೆ, ಕೆಲಸವೆಲ್ಲ ಅಲ್ಲಿಗೇ ಕೆಡುತ್ತದೆ. ಸಂದಿಗೆ ಹತ್ತಿ ಇಟ್ಟು ಒಣಗಿಸಿ.

ಪ್ರಶ್ನೆ
ಜ್ವರ ಇರುವಾಗ ಊತ ಇಳಿಸುವ ಪಟ್ಟಿ ಸುತ್ತಬಹುದೇ? ಮನೆಯವರು ಕಾವು ಕೊಟ್ಟು, ಎಣ್ಣೆ ಹಚ್ಚಿ ನೀವುತ್ತಾರೆ.

ಉತ್ತರ (ಶುಶ್ರೂಷಾಧಿಕಾರಿ)
ಮೂರೂ ಬೇಡ. ಬಿಸಿಗೆ ನೋವು, ಬಾವು ಹೆಚ್ಚುತ್ತವೆ. ತಣ್ಣೀರಿನ ಒದ್ದೆ ಬಟ್ಟೆ ಹಾಕಿ, ದಿಂಬಿನ ಮೇಲೆ ಕಾಲೆತ್ತಿಸಿ ಮಲಗಿಸಿ, ಪ್ಯಾರಾಸಿಟಮಾಲ್ ಕೊಡಿ. ಗುಳ್ಳೆ ಎದ್ದರೆ ಒಡೆಯಬಾರದು. ನೋವು ತಡೆಯುವಷ್ಟು ಇಳಿದ ಮೇಲೆ ಪಟ್ಟಿ ಮತ್ತೆ ಶುರು ಮಾಡಿ, ತಡ ಮಾಡಿದರೆ ಊತ ಗಟ್ಟಿಯಾಗುತ್ತದೆ.