ಕಡಲ ಹಾಯಿದೋಣಿ ಓಟಕ್ಕೆ ತಂಡ ಸೇರುವುದು ಹೇಗೆ?

ಪ್ರಶ್ನೆ (ಡೊಂಬಿವಲಿಯಿಂದ)
ಮಾನ್ಯರೇ, ಮುಂಬೈ ಬಂದರಿನೊಳಗೆ ಚಿಕ್ಕ ಹಾಯಿದೋಣಿ ನಡೆಸುವುದನ್ನು ಕಲಿತಿದ್ದೇನೆ. ದಡ ಕಾಣದಷ್ಟು ದೂರಕ್ಕೆ ಹಗಲಿರುಳೂ ಸಾಗುವ ಓಟದಲ್ಲಿ ಪಾಲ್ಗೊಳ್ಳಬೇಕೆಂಬ ಆಸೆ ಬಲವಾಗಿದೆ. ಸ್ವಂತ ದೋಣಿ ಇಲ್ಲದವರನ್ನು ತಂಡಕ್ಕೆ ಸೇರಿಸಿಕೊಳ್ಳುತ್ತಾರೆಯೇ?

ಉತ್ತರ (ಕೊಲಾಬಾದಿಂದ)
ಖಂಡಿತ ಸೇರಿಸಿಕೊಳ್ಳುತ್ತಾರೆ. ಮಳೆಗಾಲ ಮುಗಿದ ಮೇಲೆ ಕ್ಲಬ್ಬುಗಳು ನಡೆಸುವ ವಾರಾಂತ್ಯದ ಓಟಗಳಿಗೆ ತಪ್ಪದೆ ಹೋಗಿ, ಓಟ ಮುಗಿದ ಬಳಿಕ ಹಾಯಿ ಮಡಚಿ ಹಗ್ಗ ಸುತ್ತಿಡುವ ಕೆಲಸವನ್ನೂ ಬೇಸರವಿಲ್ಲದೆ ಮಾಡಿ. ನಂಬಬಹುದಾದವರು ಎಂಬ ಹೆಸರು ಬರುವುದು ಅಲ್ಲಿಯೇ. ವಿಂಚಿಗೆ (ಹಾಯಿಯ ಹಗ್ಗ ಬಿಗಿಯುವ ಉರುಳೆಗೆ) ಹಗ್ಗವನ್ನು ಪ್ರದಕ್ಷಿಣೆಯಾಗಿ ಸುತ್ತುವಾಗ ನಿಮ್ಮ ಬೆರಳುಗಳು ಉರುಳೆಯಿಂದ ದೂರವಿವೆಯೇ ಎಂಬುದನ್ನು ಅನುಭವಿ ನಾಯಕರು ಗಮನಿಸುತ್ತಾರೆ.

ಉತ್ತರ (ಪಣಜಿಯಿಂದ)
ಸುರಕ್ಷತೆಯ ಮಾತನ್ನು ನಾನು ಸೇರಿಸುತ್ತೇನೆ. 1979ರಲ್ಲಿ ಇಂಗ್ಲೆಂಡಿನಿಂದ ಹೊರಟ ಫಾಸ್ಟ್‌ನೆಟ್ ಓಟದಲ್ಲಿ ಬಿರುಗಾಳಿಗೆ ಸಿಕ್ಕಿ 15 ಸ್ಪರ್ಧಿಗಳು ಪ್ರಾಣ ಕಳೆದುಕೊಂಡ ನಂತರ ಇಂಥ ಓಟಗಳ ನಿಯಮಗಳು ಬಿಗಿಯಾದವು. ರಾತ್ರಿ ಪಾಳಿಗೆ ಡೆಕ್ಕಿನ ಮೇಲೆ ಕಾಲಿಡುವ ಮುನ್ನವೇ, ಮೆಟ್ಟಿಲಲ್ಲಿ ನಿಂತು ಹಾರ್ನೆಸ್ಸಿನ (ಮೈಗೆ ಕಟ್ಟಿಕೊಳ್ಳುವ ಸುರಕ್ಷತಾ ಪಟ್ಟಿಯ) ಕೊಂಡಿಯನ್ನು ದೋಣಿಗೆ ಸಿಕ್ಕಿಸುವುದು ಕೈಗೆ ರೂಢಿಯಾಗಿರಬೇಕು. ಗೋವಾದಲ್ಲಿ ಕಟ್ಟಿದ ‘ತಾರಿಣಿ’ ಹಾಯಿದೋಣಿಯಲ್ಲಿ 2017–18ರಲ್ಲಿ ಭೂಪ್ರದಕ್ಷಿಣೆ ಮಾಡಿದ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ಕೂಡ ಮೊದಲು ‘ಮ್ಹಾದೇಯಿ’ ಎಂಬ ಹಾಯಿದೋಣಿಯಲ್ಲಿ ತರಬೇತಿ ಪಡೆದಿದ್ದರು. ತಾವೂ ಆತುರಪಡದೆ, ಮೊದಲು ಒಂದು ರಾತ್ರಿಯ ಪಯಣಕ್ಕೆ ಹೋಗಿ ನೋಡಿ.

ಉತ್ತರ (ವಾಶಿಯಿಂದ)
ಅಲೆಗಳಲ್ಲಿ ವಾಂತಿಯಾಗುವ ಸ್ವಭಾವವಿದ್ದರೆ ನಾಯಕರಿಗೆ ಮುಂಚೆಯೇ ತಿಳಿಸಿ. ಅದಕ್ಕೆ ತಕ್ಕಂತೆ ಅವರು ಪಾಳಿ ಹಂಚುತ್ತಾರೆ.